ಹಿಪ್ಪುನೇರಳೆಯ ಹಿಟ್ಟು ತಿಗಣೆ ನಿಯಂತ್ರಣ: ಗ್ರಾಮ ಪಂಚಾಯಿತಿಗಳ ಹೊಣೆ

ಕೋಲಾರ ಜಿಲ್ಲೆಯ ಇತರ ತಾಲ್ಲೂಕುಗಳಂತೆ ಬಂಗಾರಪೇಟೆಯಲ್ಲಿಯೂ ರೇಷ್ಮೆ ಕೃಷಿ ಅನೇಕ ಕುಟುಂಬಗಳಿಗೆ ಆಧಾರವಾಗಿದೆ. ಹಿಪ್ಪುನೇರಳೆಯನ್ನು ಬಾಧಿಸುವ ಪಪ್ಪಾಯಿ ಹಿಟ್ಟು ತಿಗಣೆಯು ಮಧ್ಯ ಅಮೆರಿಕ ಮೂಲದ ಕೀಟ. ಭಾರತದಲ್ಲಿ ಇದು 2008ರಲ್ಲಿ ಕೊಯಮತ್ತೂರಿನಲ್ಲಿ ಮೊದಲು ಕಂಡುಬಂದು, ಸಹಜ ಶತ್ರುಗಳಿಲ್ಲದ ಕಾರಣ ವೇಗವಾಗಿ ಹರಡಿತು. ಮೇಣದ ಹೊದಿಕೆಯಿರುವುದರಿಂದ ಕೀಟನಾಶಕವು ಇದಕ್ಕೆ ಸುಲಭವಾಗಿ ತಾಗದು. ಆದರೆ ವಿಷದ ಶೇಷವುಳ್ಳ ಸೊಪ್ಪು ತಿಂದ ರೇಷ್ಮೆ ಹುಳುಗಳು ಸಾಯುತ್ತವೆ.

2010ರಲ್ಲಿ ಬೆಂಗಳೂರಿನ ರಾಷ್ಟ್ರೀಯ ಕೃಷಿ ಪ್ರಮುಖ ಕೀಟಗಳ ಬ್ಯೂರೋ, ಪೋರ್ಟೊರಿಕೊದಿಂದ ಪರತಂತ್ರ ಕಣಜಗಳನ್ನು ತರಿಸಿ, ಪರೀಕ್ಷಿಸಿ ಬಿಡುಗಡೆ ಮಾಡಿತು. ತಿಗಣೆಯ ದೇಹದೊಳಗೆ ಮೊಟ್ಟೆಯಿಡುವ ಈ ಕಣಜಗಳಿಂದ ಬಾಧೆ ಗಣನೀಯವಾಗಿ ತಗ್ಗಿತು. ವಿವೇಚನೆಯಿಲ್ಲದೆ ಔಷಧ ಸಿಂಪಡಿಸಿದರೆ ಮೊದಲು ನಾಶವಾಗುವುದು ಈ ಕಣಜಗಳೇ. ಅವುಗಳೊಡನೆ ನಮ್ಮ ನೆಲದ ಜೇನು, ಗುಲಗಂಜಿ ಹುಳುಗಳೂ ಅಳಿಯುತ್ತವೆ.

ಜೈವಿಕ ವೈವಿಧ್ಯ ಅಧಿನಿಯಮ, 2002ರ 41ನೇ ಪ್ರಕರಣದಂತೆ ಪ್ರತಿ ಗ್ರಾಮ ಪಂಚಾಯಿತಿಯೂ ಜೀವವೈವಿಧ್ಯ ನಿರ್ವಹಣಾ ಸಮಿತಿಯನ್ನು ಹೊಂದಿರತಕ್ಕದ್ದು. ಆದುದರಿಂದ ಸದಸ್ಯರು:

1. ತಿಗಣೆ ಕಂಡ ತೋಟಗಳ ಮಾಹಿತಿಯನ್ನು ಸಮಿತಿಯ ಮೂಲಕ ರೇಷ್ಮೆ ಇಲಾಖೆಗೆ ಕೂಡಲೇ ತಿಳಿಸುವುದು.
2. ತಿಗಣೆಗೆ ಆಶ್ರಯ ನೀಡುವ ಪಾರ್ಥೇನಿಯಂ ಕಳೆಯನ್ನು ಹೂ ಬಿಡುವ ಮೊದಲೇ ಕೀಳಿಸುವುದು.
3. ಇಲಾಖೆಯ ಸಲಹೆಯಿಲ್ಲದೆ ಔಷಧ ಸಿಂಪಡಿಸದಂತೆ ಗ್ರಾಮಸಭೆಯಲ್ಲಿ ಅರಿವು ಮೂಡಿಸುವುದು.
4. ಊರಿನ ಉಪಕಾರಿ ಕೀಟಗಳನ್ನು ಜನತಾ ಜೀವವೈವಿಧ್ಯ ದಾಖಲಾತಿಯಲ್ಲಿ ನಮೂದಿಸುವುದು.