ನಾಳೆಯ ಸಾರಿಗೆ ಯಾವ ಸೊಪ್ಪು? ಮಗುವನ್ನೇ ಕೇಳಿ

"ಅನ್ನಕ್ಕೆ ತಿಳಿಸಾರು ಬಿಟ್ಟರೆ ಮಗು ಬೇರೇನೂ ಮುಟ್ಟುವುದಿಲ್ಲ" ಎಂಬುದು ತಾಯಂದಿರು ಸಾಮಾನ್ಯವಾಗಿ ಹೇಳುವ ಮಾತು. ಇದು ಬರೀ ಹಟದ ವಿಷಯವಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 5 ವರ್ಷದೊಳಗಿನ ಮಕ್ಕಳ ಪೈಕಿ ಶೇ. 65ರಷ್ಟು ಮಂದಿಗೆ ರಕ್ತಹೀನತೆ ಇರುವುದು ಕಂಡುಬಂದಿತು. ಹಿತ್ತಲಲ್ಲಿ ನುಗ್ಗೆ, ಹರಿವೆ ಬೆಳೆದರೆ ಸಾಲದು. ಅದು ಮಗುವಿನ ಹೊಟ್ಟೆ ಸೇರಬೇಕು.

ಹೆದರಿಸಿ ತಿನ್ನಿಸುವುದಕ್ಕಿಂತ ಅಡುಗೆಯ ಯೋಚನೆಯಲ್ಲಿ ಮಗುವನ್ನು ಸೇರಿಸಿಕೊಳ್ಳುವುದು ಮೇಲು. ನಾಲ್ಕು ವರ್ಷವಾದರೆ ಸಾಕು. ಸಂಜೆ ಕೈಗೊಂದು ಪುಟ್ಟ ಬುಟ್ಟಿ ಕೊಟ್ಟು ಹಿತ್ತಲಿಗೆ ಕರೆದೊಯ್ಯಿರಿ. "ನಾಳೆಗೆ ಏನು ಮಾಡಲಿ?" ಎಂದು ಕೇಳಬೇಡಿ, "ಬಿಸ್ಕತ್ತು" ಎಂಬ ಉತ್ತರ ಬಂದೀತು. "ಹರಿವೆಯೋ, ನುಗ್ಗೆಸೊಪ್ಪೋ?" ಎಂದು ಕೇಳಿ. ಮಗು ಆರಿಸಿದ್ದನ್ನು ಮರುದಿನ ತಪ್ಪದೆ ಮಾಡಬೇಕು. ಒಮ್ಮೆ ಮಾತು ತಪ್ಪಿದರೆ ಅದು ಮತ್ತೆ ಬುಟ್ಟಿ ಹಿಡಿಯುವುದಿಲ್ಲ.

ಬದುವಿನ ಅಣ್ಣೆ, ಗಣಿಕೆ, ಹೊನಗೊನ್ನೆ ಸೊಪ್ಪುಗಳ ಗುರುತನ್ನು ಅಜ್ಜಿಯೇ ಕಲಿಸಲಿ; ಈ ವಿಷಯದಲ್ಲಿ ನಮಗಿಂತ ಆಕೆ ಬಲ್ಲವಳು. ಕಿತ್ತದ್ದನ್ನು ಹಿರಿಯರಿಗೆ ತೋರಿಸದೆ ಬಾಯಿಗೆ ಹಾಕಬಾರದು, ಔಷಧಿ ಹೊಡೆದ ಹೊಲದಲ್ಲಿ ಸೊಪ್ಪು ಕೀಳಬಾರದು ಎಂಬುದನ್ನು ಮಾತ್ರ ಮೊದಲ ದಿನವೇ ಹೇಳಿಡಿ.

ಆರೇಳು ವರ್ಷದ ಮಗುವಿಗೆ ಲೆಕ್ಕವನ್ನೂ ಒಪ್ಪಿಸಬಹುದು. ದಿನದ ಊಟವಾದ ಮೇಲೆ ಸ್ಲೇಟಿನಲ್ಲಿ ಮುದ್ದೆಗೆ ಸೊನ್ನೆ, ಕಾಳಿಗೆ ಚುಕ್ಕಿ, ಸೊಪ್ಪು-ತರಕಾರಿಗೆ ಎಲೆ, ಹಾಲು-ಮಜ್ಜಿಗೆಗೆ ಲೋಟ ಬರೆಯಲಿ. ಯಾವ ಗುರುತು ಬಿಟ್ಟುಹೋಗಿದೆಯೋ ನಾಳೆಯ ಅಡುಗೆಯನ್ನು ಅದರಿಂದಲೇ ಯೋಚಿಸಿ. ರಾಗಿ, ಅಕ್ಕಿ ಮೂರು ಬಟ್ಟಲಾದರೆ ಬೇಳೆ-ಕಾಳು ಒಂದು ಬಟ್ಟಲು ಎಂದು ಅದರ ಕೈಯಲ್ಲೇ ಅಳೆಸಿರಿ. ಧಾನ್ಯದ ಸಸಾರಜನಕದಲ್ಲಿರುವ ಕೊರತೆಯನ್ನು ಕಾಳು ತುಂಬಿಕೊಡುತ್ತದೆ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶವಿದ್ದರೆ ಅಕ್ಕಿಯಲ್ಲಿ 10ರ ಆಸುಪಾಸು. ಅನ್ನ ಮಾತ್ರ ಉಂಡ ದಿನ ಸೊನ್ನೆ ಬರೆಯುವಂತಿಲ್ಲ!

ಬೇಸಗೆಯಲ್ಲಿ ಹಿತ್ತಲು ಒಣಗಿದಾಗ ನೆನೆಸಿದ ಹೆಸರುಕಾಳನ್ನು ಬಟ್ಟೆಯಲ್ಲಿ ಕಟ್ಟಿ, ನೀರು ಚಿಮುಕಿಸುವ ಕೆಲಸ ಕೊಡಿ. ಗಳಿಗೆಗೊಮ್ಮೆ ಬಿಚ್ಚಿ ನೋಡುತ್ತದೆ, ನೋಡಲಿ. ಮೊಳಕೆಯಲ್ಲಿ 'ಸಿ' ಜೀವಸತ್ವ ಹೆಚ್ಚುತ್ತದೆ. ಸೊಪ್ಪು, ಕಾಳುಗಳ ಕಬ್ಬಿಣ ಮೈಗೆ ಹತ್ತಲು ಈ ಸತ್ವ ನೆರವಾಗುತ್ತದೆ. ಬೇಯಿಸಿದಾಗ ಅದು ಬಹುಮಟ್ಟಿಗೆ ನಷ್ಟವಾಗುವುದರಿಂದ ಊಟಕ್ಕೆ ಕುಳಿತಾಗ ನಿಂಬೆಹಣ್ಣು ಹಿಂಡುವುದೂ ಮಗುವಿನ ಪಾಲಿನ ಕೆಲಸವಾಗಲಿ. ಊಟದ ಜೊತೆಗೆ ಚಹಾ ಕೊಡಬೇಡಿ; ಅದು ಕಬ್ಬಿಣವನ್ನು ಮೈಗೆ ಹತ್ತಗೊಡದು.

ಸಂತೆಗೆ ಹೊರಡುವ ತಂದೆಯೂ ಒಮ್ಮೆ ಆ ಸ್ಲೇಟನ್ನು ನೋಡಿ ಹೊರಡಲಿ. ಬರುವಾಗ ಬಿಸ್ಕತ್ತಿನ ಪೊಟ್ಟಣದ ಬದಲು ನಾಲ್ಕು ಸೀಬೆಹಣ್ಣು ತಂದರೆ ಮಗು ಹಾಕಿದ ಲೆಕ್ಕಕ್ಕೆ ಮನೆಯಲ್ಲಿ ಬೆಲೆಯುಂಟೆಂದು ಅದಕ್ಕೂ ಗೊತ್ತಾಗುತ್ತದೆ.