ದ್ರಾಕ್ಷಿಯಲ್ಲಿ ಎಷ್ಟು ಅಕ್ಷರ?

ಮೈಸೂರಿನ ಮಂಡಿ ಮೊಹಲ್ಲಾದ ಅಕ್ಬರ್ ರಸ್ತೆಯ ಹತ್ತಿರ ಒಂದು ಮಹಡಿ ಕೋಣೆಯಲ್ಲಿ ಸಂಜೆ ಹೊತ್ತು ಹುಡುಗರಿಗೆ ವೆಬ್ ಪುಟ ಬರೆಯುವುದನ್ನು ಹೇಳಿಕೊಡುತ್ತೇನೆ. ಸಗಟು ಅಂಗಡಿಯವರ ಮಕ್ಕಳು, ಪಿಯುಸಿ ಓದುವವರು, ಗ್ಯಾರೇಜ್ ಕೆಲಸ ಮುಗಿಸಿ ಬರುವವರು ಎಲ್ಲ ಇದ್ದಾರೆ. ಲ್ಯಾಪ್‌ಟಾಪ್ ಇರುವವರು ಕಡಿಮೆ, ಮೊಬೈಲ್ ಇಲ್ಲದವರು ಇಲ್ಲವೇ ಇಲ್ಲ. ಹಾಗಾಗಿ ಏನನ್ನೂ ಇನ್‌ಸ್ಟಾಲ್ ಮಾಡದೆ, ಬ್ರೌಸರಿನಲ್ಲೇ ಕೋಡ್ ಬರೆದು ಅಲ್ಲೇ ಫಲ ನೋಡುವಂಥ ಒಂದು ಜಾಲತಾಣ ಕಟ್ಟಬೇಕಾಯಿತು.

‘ಅದಕ್ಕೇನು, ಒಂದು ಖಾಲಿ ಚೌಕ ಇಟ್ಟರಾಯಿತು’ ಎನ್ನುತ್ತಾರೆ ಕೇಳಿದವರು. ಅರ್ಜಿ ನಮೂನೆಗಳಲ್ಲಿ ವಿಳಾಸ ತುಂಬುತ್ತೇವಲ್ಲ, ಆ ಚೌಕ ಬ್ರೌಸರಿನಲ್ಲಿ ಸಿದ್ಧವಾಗಿಯೇ ಇದೆ. ಆದರೆ ಅದರೊಳಗೆ ಒಂದು ಪದ ಕೆಂಪು, ಇನ್ನೊಂದು ನೀಲಿ ಎಂದು ಬಣ್ಣ ಹಚ್ಚಲಾಗದು. ಸಾಲಿಗೆ ಸಂಖ್ಯೆ ಇಲ್ಲ. ಮುಚ್ಚದ ಆವರಣ ಚಿಹ್ನೆಯನ್ನು ತೋರಿಸುವವರಿಲ್ಲ. ಕಲಿಯುವವನಿಗೆ ಬೇಕಾದದ್ದು ಇವೇ.

ಇದನ್ನೆಲ್ಲ ನಾವೇ ಬರೆಯಬೇಕಿಲ್ಲ, ಬರೆಯಲೂಬಾರದು. ಪುಟದೊಳಗೆ ಕೂರಿಸಿಕೊಳ್ಳುವ ಎಡಿಟರ್‌ಗಳು ಪುಕ್ಕಟೆಯಾಗಿ ಸಿಗುತ್ತವೆ. ಮರೈನ್ ಹಾವರ್‌ಬೆಕೆ 2007ರಲ್ಲಿ ಶುರುಮಾಡಿದ ಕೋಡ್‌ಮಿರರ್ ಹಳೆಯದು; 2022ರಲ್ಲಿ ಅದರ ಆರನೇ ಆವೃತ್ತಿ ಬುಡದಿಂದ ಹೊಸದಾಗಿ ಬರೆದುಕೊಂಡು ಬಂತು. ಏಸ್ ಇನ್ನೊಂದು. ಮೈಕ್ರೋಸಾಫ್ಟಿನ ಮೊನಾಕೊ ಮತ್ತೊಂದು. ವಿಎಸ್ ಕೋಡ್ ನಿಂತಿರುವುದು ಅದರ ಮೇಲೆಯೇ. ಕನ್ನಡ ವಿಕಿಪೀಡಿಯದಲ್ಲಿ ಲೇಖನ ತಿದ್ದುವಾಗ ವಿಕಿ ಗುರುತುಗಳಿಗೆ ಬಣ್ಣ ಬರುವುದು ಕೋಡ್‌ಮಿರರ್‌ನಿಂದ, ಅಲ್ಲಿನ ಮಾಡ್ಯೂಲ್ ಪುಟ ತೆರೆದರೆ ಬಹುಕಾಲ ಎದುರಾಗುತ್ತಿದ್ದದ್ದು ಏಸ್. ತಿದ್ದುವವರಲ್ಲಿ ಎಷ್ಟೋ ಮಂದಿಗೆ ಅವುಗಳ ಹೆಸರೂ ಗೊತ್ತಿರಲಿಕ್ಕಿಲ್ಲ.

ಕೂರಿಸುವುದು ಹತ್ತಾರು ಸಾಲಿನ ಕೆಲಸ: ಪುಟದಲ್ಲಿ ಯಾವ ಜಾಗ, ಮೊದಲಿಗೆ ಯಾವ ಪಠ್ಯ, ಯಾವ ಭಾಷೆಯ ವ್ಯಾಕರಣ, ಪಠ್ಯ ಬದಲಾದಾಗ ಯಾರಿಗೆ ತಿಳಿಸಬೇಕು. ಉಳಿದದ್ದು ಎಡಿಟರಿನ ಪಾಡು. ಸಾವಿರಾರು ಸಾಲಿನ ಕಡತವಿದ್ದರೂ ಪರದೆಗೆ ಕಾಣುವಷ್ಟು ಸಾಲುಗಳನ್ನು, ಜೊತೆಗೆ ಆಚೀಚೆ ತುಸು ಮಾತ್ರ ಅದು ನಿಜವಾಗಿ ಬಿಡಿಸುತ್ತದೆ; ಒಂದು ಅಕ್ಷರ ತಿದ್ದಿದರೆ ಇಡೀ ಕಡತವನ್ನಲ್ಲ, ಬದಲಾದ ಭಾಗವನ್ನಷ್ಟೇ ಮತ್ತೆ ಓದುತ್ತದೆ. ಮೊನಾಕೊದಲ್ಲಿ ಸವಲತ್ತು ಹೆಚ್ಚು, ಆದರೆ ಭಾರವೂ ಹೆಚ್ಚು. ಮೊಬೈಲ್ ಬ್ರೌಸರಿಗೆ ತಾನಲ್ಲ ಎಂದು ಅದೇ ಹೇಳಿಕೊಂಡಿದೆ. ನನ್ನ ಹುಡುಗರ ಮಟ್ಟಿಗೆ ಅಲ್ಲಿಗೆ ಮಾತು ಮುಗಿಯಿತು. ನಾನು ಕೋಡ್‌ಮಿರರ್ ಹಿಡಿದೆ.

ನಿಜವಾದ ತಲೆನೋವು ಕನ್ನಡದ್ದು. ಮೊದಲ ಅಭ್ಯಾಸಕ್ಕೆ ಅಂಗಡಿಯ ದರಪಟ್ಟಿ ಬರೆಸುತ್ತೇನೆ: ತೊಗರಿಬೇಳೆ, ಉದ್ದಿನಬೇಳೆ, ಒಣದ್ರಾಕ್ಷಿ. ಇದರಲ್ಲಿ ‘ದ್ರಾಕ್ಷಿ’ಯನ್ನೇ ತೆಗೆದುಕೊಳ್ಳಿ. ನಮಗೆ ಎರಡು ಅಕ್ಷರ. ಜಾವಾಸ್ಕ್ರಿಪ್ಟಿಗೆ ಉದ್ದ ಕೇಳಿದರೆ ಎಂಟು ಎನ್ನುತ್ತದೆ. ದ, ವಿರಾಮ, ರ, ದೀರ್ಘ, ಕ, ವಿರಾಮ, ಷ, ಗುಡಿಸು ಎಂದು ಬಿಡಿಬಿಡಿಯಾಗಿ ಎಣಿಸಿ. ಯೂನಿಕೋಡಿನ ಸಾಮಾನ್ಯ ನಿಯಮದಲ್ಲಿ ಅದು ನಾಲ್ಕು ತುಂಡು. 2023ರ 15.1ನೇ ಆವೃತ್ತಿಯಲ್ಲಿ ಒತ್ತಕ್ಷರವನ್ನು ಒಂದೇ ಘಟಕವೆಂದು ಹಿಡಿಯುವ ನಿಯಮ ಸೇರಿತು. ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು, ಮಲಯಾಳಕ್ಕೆ ಅದು ಅನ್ವಯ. ಕನ್ನಡ ಆ ಪಟ್ಟಿಯಲ್ಲಿರಲಿಲ್ಲ. ಪಕ್ಕದ ಮನೆಯ ತೆಲುಗಿಗೆ ಸಿಕ್ಕದ್ದು ನಮಗೆ ಸಿಗಲಿಲ್ಲವೆಂದು ಹುಡುಗರಿಗೆ ಹೇಳಿದಾಗ ಅವರಿಗೆ ಬಂದ ಸಿಟ್ಟು ನನಗೆ ಇಷ್ಟವಾಯಿತು.

ಎಂಟೋ, ನಾಲ್ಕೋ, ಎರಡೋ ಎಂಬುದರ ಮೇಲೆ ಕರ್ಸರ್ ಎಲ್ಲಿ ನಿಲ್ಲಬೇಕೆಂಬುದು ತೀರ್ಮಾನವಾಗುತ್ತದೆ. ಏಸ್ ಎಲ್ಲ ಅಕ್ಷರಕ್ಕೂ ಒಂದೇ ಅಗಲವೆಂದು ನಂಬಿ ಲೆಕ್ಕ ಹಾಕುತ್ತದೆ. ಇಂಗ್ಲಿಷಿಗೆ ಸರಿ, ಕನ್ನಡದಲ್ಲಿ ಸಾಲು ಉದ್ದವಾದಷ್ಟೂ ಕರ್ಸರ್ ಒಂದು ಕಡೆ, ಅಕ್ಷರ ಇನ್ನೊಂದು ಕಡೆ. ಕೋಡ್‌ಮಿರರ್‌ನ ಹೊಸ ಆವೃತ್ತಿ ಪಠ್ಯ ಮೂಡಿಸುವುದನ್ನು ಬ್ರೌಸರಿಗೇ ಬಿಡುತ್ತದೆ, ಹಾಗಾಗಿ ಎಡವುವುದು ಕಡಿಮೆ. ಬ್ಯಾಕ್‌ಸ್ಪೇಸ್ ಒತ್ತಿದರೆ ‘ಷಿ’ ಪೂರ್ತಿ ಹೋಗಬೇಕೋ ಗುಡಿಸು ಮಾತ್ರ ಕಳಚಬೇಕೋ ಎಂಬ ಜಗಳ ಬೇರೆ ಇದೆ. ಗುಡಿಸು ಮಾತ್ರ ಎಂಬುದು ನನ್ನ ಪಕ್ಷ. ಏಕೆಂದರೆ ಬರೆಯುವಾಗ ತಪ್ಪುವುದು ಸಾಮಾನ್ಯವಾಗಿ ಅದೊಂದೇ. ಸಾಲುಗಳ ನಡುವಿನ ಅಂತರವನ್ನೂ ಹೆಚ್ಚಿಸಬೇಕಾಯಿತು, ಇಲ್ಲದಿದ್ದರೆ ಒತ್ತಕ್ಷರಗಳು ಕೆಳಗಿನ ಸಾಲಿನ ತಲೆಗೆ ತಾಗುತ್ತವೆ.

ಬರೆದ ಕೋಡನ್ನು ಓಡಿಸುವ ಜಾಗ ಎಡಿಟರಿನೊಳಗಲ್ಲ. ಅದಕ್ಕೆ ಪುಟದಲ್ಲೇ ಇನ್ನೊಂದು ಪುಟ್ಟ ಪುಟ ತೆರೆದು ಬೇಲಿ ಹಾಕಬೇಕು. ಐಫ್ರೇಮ್‌ಗೆ ಸ್ಯಾಂಡ್‌ಬಾಕ್ಸ್ ಗುಣ ಕೊಟ್ಟು ‘ಸ್ಕ್ರಿಪ್ಟ್ ಓಡಲಿ’ ಎಂಬಷ್ಟಕ್ಕೇ ಅನುಮತಿ ಕೊಟ್ಟರೆ, ಒಳಗಿನ ಕೋಡ್ ಹೊರಗಿನ ತಾಣದ ಕುಕಿ, ಲಾಗಿನ್ ಯಾವುದನ್ನೂ ಮುಟ್ಟದು. ಬರೀ ಲೆಕ್ಕದ ಅಭ್ಯಾಸಗಳನ್ನು ಪುಟದ ಹಿನ್ನೆಲೆಯಲ್ಲಿ ಬೇರೆಯಾಗಿ ಓಡುವ ವರ್ಕರ್‌ನಲ್ಲಿ ಓಡಿಸುತ್ತೇನೆ. ನಿಲ್ಲದ ಲೂಪ್ ಬರೆದರೆ ಪುಟವೇ ಕಲ್ಲಾಗದಿರಲಿ ಎಂದು. ಕೆಲ ಸೆಕೆಂಡುಗಳಲ್ಲಿ ಉತ್ತರ ಬರದಿದ್ದರೆ ತಾಣವು ವರ್ಕರನ್ನು ಮುಗಿಸಿ ‘ಲೂಪ್ ನಿಲ್ಲುತ್ತಿಲ್ಲ ಮಾರಾಯ, ಷರತ್ತು ನೋಡು’ ಎಂದು ತೋರಿಸುತ್ತದೆ. ಅದನ್ನು ನೋಡಲೆಂದೇ ಬೇಕಂತ ನಿಲ್ಲದ ಲೂಪ್ ಬರೆಯುವವರೂ ಈಗ ತಯಾರಾಗಿದ್ದಾರೆ.