ಬೆಕ್ಕುಗಳ ಆಶ್ರಯಶಾಲೆ ಮತ್ತು ಅಂಟುಜಾಡ್ಯದ ನಿಗ್ರಹ

ಕಾವೇರಿಯ ನಾಲೆಗಳ ನೀರಿನಿಂದ ಬತ್ತ ಕಬ್ಬುಗಳನ್ನು ಬೆಳೆಯುವ ಶ್ರೀರಂಗಪಟ್ಟಣ ಪಾಂಡವಪುರಗಳ ಗದ್ದೆಬಯಲಿನಲ್ಲಾಗಲಿ, ಹೇಮಾವತಿಯ ಆಸುಪಾಸಿನ ಕೃಷ್ಣರಾಜಪೇಟೆಯ ಊರುಗಳಲ್ಲಾಗಲಿ, ಮುಗಿಲನ್ನು ನಂಬಿ ರಾಗಿ ಹುರುಳಿಗಳನ್ನು ಬಿತ್ತುವ ನಾಗಮಂಗಲದ ಸೀಮೆಯಲ್ಲಾಗಲಿ, ಧಾನ್ಯವಿರುವ ಮನೆಗೆ ಇಲಿಯೂ, ಇಲಿಯಿರುವ ಮನೆಗೆ ಬೆಕ್ಕೂ ಬಂದು ಸೇರುವುದು ಹಗೇವು ಕಣಜಗಳ ಕಾಲದಿಂದ ನಡೆದುಬಂದ ಕ್ರಮ. ಹಸುವಿಗೆ ಕೊಟ್ಟಿಗೆಯುಂಟು, ನಾಯಿಗೆ ಜಗುಲಿಯುಂಟು. ಬೆಕ್ಕಿಗೆ ಮಾತ್ರ ಇದು ನಿನ್ನದೆಂದು ಯಾರೂ ತೋರಿಸಿಕೊಟ್ಟ ಸ್ಥಳವಿಲ್ಲ. ಅಟ್ಟವೋ, ಒಲೆಯ ಬೂದಿಯ ಮಗ್ಗುಲೋ, ಆಲೆಮನೆಯ ಸಿಪ್ಪೆಯ ರಾಶಿಯೋ ಅದೇ ಆರಿಸಿಕೊಂಡ ತಾವು. ಕಾಯಿಲೆ ಬಿದ್ದಾಗಲೂ ಅದು ನರಳಿ ಕರೆಯುವುದಿಲ್ಲ. ಹುಲ್ಲುಬಣವೆಯ ಸಂದಿಯಲ್ಲಿ ಅಡಗಿ, ಬದುಕಿದರೆ ಹೊರಕ್ಕೆ ಬರುತ್ತದೆ, ಇಲ್ಲವಾದರೆ ಇಲ್ಲ. ಹಸು ಎಮ್ಮೆ ಕುರಿಗಳನ್ನು ತಾಲ್ಲೂಕು ಪಶುವೈದ್ಯ ಆಸ್ಪತ್ರೆಗೆ ಹೊಡೆದುಕೊಂಡು ಹೋಗುವ ರೈತನು ಬೆಕ್ಕನ್ನು ಅಲ್ಲಿಗೆ ಒಯ್ಯುವುದು ಇಂದಿಗೂ ವಿರಳ. ಹೀಗಾಗಿ ಮಾರ್ಜಾಲಕುಲದ ವ್ಯಾಧಿಗಳ ವಿಷಯವು ನಮ್ಮ ಭಾಷೆಯಲ್ಲಿ ಬರೆದವರೂ ಓದಿದವರೂ ಕಡಮೆಯಾದ ವಿಷಯವಾಗಿ ಉಳಿದಿದೆ.

ಆದರೆ ಕಾಲ ಬದಲಾಗುತ್ತಿದೆ. ಗೋಣಿಚೀಲದಲ್ಲಿಯೋ ರಟ್ಟಿನ ಪೆಟ್ಟಿಗೆಯಲ್ಲಿಯೋ ತುಂಬಿ ಸಂತೆಮಾಳದ ಅಂಚಿಗೆ ಬಿಟ್ಟುಹೋದ ಮರಿಗಳನ್ನು ಎತ್ತಿಕೊಂಡು ಬಂದು, ತಮ್ಮ ಮನೆಯ ಹಿತ್ತಿಲಲ್ಲಿಯೇ ಸಾಕುವ ದಯಾವಂತರು ಈಗ ಊರೂರಿನಲ್ಲಿ ಕಾಣಬರುತ್ತಾರೆ. ಹಿತ್ತಿಲು ತುಂಬಿದಾಗ ಅದೇ ಆಶ್ರಯಶಾಲೆಯಾಗುತ್ತದೆ. ನಮ್ಮ ರಾಜ್ಯದಲ್ಲಿ ಇಂಥ ಸಂಸ್ಥೆಗಳಿಗೆ ಒಂದು ಪರಂಪರೆಯೂ ಉಂಟು. ದನಕರುಗಳಿಗೆ ಆಸರೆಯಾದ ಪಿಂಜರಾಪೋಲುಗಳದು ಹಳೆಯ ಕಥೆ. ರೋಗಗ್ರಸ್ತವಾದ ಬೀದಿಯ ಪ್ರಾಣಿಗಳಿಗೆಂದು 1959ರಲ್ಲಿ ದೆಹಲಿಯಲ್ಲಿಯೂ, 1980ರಲ್ಲಿ ಜಯಪುರದಲ್ಲಿಯೂ ಆಶ್ರಯಶಾಲೆಗಳನ್ನು ಸ್ಥಾಪಿಸಿದ ಆಂಗ್ಲ ಮಹಿಳೆ ಕ್ರಿಸ್ಟಲ್ ರಾಜರ್ಸ್ ಅವರು, ಎಂಬತ್ತು ದಾಟಿದ ತಮ್ಮ ವಯಸ್ಸನ್ನು ಲೆಕ್ಕಿಸದೆ ಬೆಂಗಳೂರಿಗೆ ಬಂದು, 1991ರಲ್ಲಿ ‘ಕ್ಯೂಪಾ’ ಎಂಬ ಸಂಸ್ಥೆಗೆ ಅಸ್ತಿಭಾರ ಹಾಕಿದರು. ‘ಜೀವಿಗಳಲ್ಲಿ ಅನುಕಂಪ’ವು ನಾಗರಿಕನ ಮೂಲಭೂತ ಕರ್ತವ್ಯವೆಂದು 1976ರ ತಿದ್ದುಪಡಿಯಿಂದ ನಮ್ಮ ಸಂವಿಧಾನವೂ ಹೇಳುತ್ತಿದೆ. ಅನುಕಂಪಕ್ಕೆ ಕೊರತೆಯಿಲ್ಲದಿದ್ದರೂ, ಅನೇಕ ಪ್ರಾಣಿಗಳನ್ನು ಒಂದೆಡೆ ಕೂಡಿಸಿದೊಡನೆ ಹುಟ್ಟುವ ಸಂಕಟವೊಂದಿದೆ, ಅದೇ ಅಂಟುಜಾಡ್ಯ. ಅದನ್ನು ನಿಗ್ರಹಿಸುವ ವಿದ್ಯೆಯು ಪಶುವೈದ್ಯದ ಪ್ರತ್ಯೇಕ ಶಾಖೆಯಾಗಿ ಬೆಳೆದದ್ದು ಈಚಿನ ಮಾತು. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಇದರ ಪಾಠ ಆರಂಭವಾದದ್ದು 1999ರಲ್ಲಿ; ಆಶ್ರಯಶಾಲೆಯ ವೈದ್ಯರ ಸಂಘವು ಪಾಲನೆಯ ನಿಯಮಗಳನ್ನು ಮೊದಲು ಪ್ರಕಟಿಸಿದ್ದು 2010ರಲ್ಲಿ, ಪರಿಷ್ಕರಿಸಿದ್ದು 2022ರಲ್ಲಿ.

ಶಾಸ್ತ್ರ ಹೊಸದಾದರೂ ಅದರ ಮರ್ಮವು ಈ ಸೀಮೆಗೆ ಹೊಸತಲ್ಲ. 1898ರಲ್ಲಿ ಮೈಸೂರು ಸಂಸ್ಥಾನಕ್ಕೆ ಪ್ಲೇಗು ಕಾಲಿಟ್ಟ ಮೇಲೆ, ಮನೆಯಲ್ಲಿ ಇಲಿ ಸತ್ತುಬಿದ್ದರೆ ಸಾಕು, ಊರಿಗೆ ಊರೇ ಪಾತ್ರೆಪರಟಿಗಳನ್ನು ಹೊತ್ತು ಹೊಲದ ಬಯಲಿಗೆ ಹೋಗಿ, ಸೋಗೆಯ ಗುಡಿಸಲುಗಳನ್ನು ಒಂದಕ್ಕೊಂದು ದೂರವಾಗಿ ಹಾಕಿಕೊಂಡು ತಿಂಗಳುಗಟ್ಟಲೆ ವಾಸ ಮಾಡುತ್ತಿದ್ದ ಸಂಗತಿಯನ್ನು ಹಿರಿಯರ ಬಾಯಲ್ಲಿ ಕೇಳದ ಮನೆ ಇಲ್ಲಿ ಇಲ್ಲ. ಹಾಫ್‌ಕಿನ್ ಮಹಾಶಯನ ಲಸಿಕೆ 1897ರಲ್ಲಿಯೇ ಮುಂಬಯಿಯಲ್ಲಿ ಸಿದ್ಧವಾಗಿದ್ದರೂ, ಹಳ್ಳಿಯ ಜನರನ್ನು ಬಹುಮಟ್ಟಿಗೆ ಕಾಪಾಡಿದ್ದು ಇಲಿಗಳಿದ್ದ ಊರನ್ನು ಬಿಟ್ಟು ದೂರದೂರವಾಗಿ ಮಾಡಿದ ಬಯಲಿನ ವಾಸ. ಆ ಮಾರಿಯ ತರುವಾಯ, 1903ರಲ್ಲಿ, ಮೈಸೂರಿನಲ್ಲಿ ನಗರಾಭಿವೃದ್ಧಿ ವಿಶ್ವಸ್ಥ ಮಂಡಲಿ ಹುಟ್ಟಿ, ಇಕ್ಕಟ್ಟಾದ ಕೇರಿಗಳ ಸ್ಥಾನದಲ್ಲಿ ವಿಶಾಲವಾದ ಬೀದಿಗಳೂ ಬಡಾವಣೆಗಳೂ ಎದ್ದುವು. ಅವಕಾಶವೇ ಔಷಧವೆಂಬ ಈ ತಿಳಿವಳಿಕೆಯನ್ನು ಮನುಷ್ಯರ ವಿಷಯದಲ್ಲಿ ಮನಗಂಡ ನಾವು ಬೆಕ್ಕುಗಳ ವಿಷಯದಲ್ಲಿಯೂ ಅದನ್ನೇ ಅನುಸರಿಸತಕ್ಕದ್ದೆಂಬುದು ನಾನು ಇಲ್ಲಿ ಮುಖ್ಯವಾಗಿ ಹೇಳಬಯಸುವ ಮಾತು.

ಆಶ್ರಯಶಾಲೆಯು ಭಯಪಡಬೇಕಾದ ವ್ಯಾಧಿಗಳಲ್ಲಿ ಮೊದಲನೆಯದು ಪ್ಯಾನ್‌ಲ್ಯುಕೋಪೀನಿಯಾ. ಇದು ಪಾರ್ವೊ ಜಾತಿಯ ವೈರಾಣುವಿನಿಂದ ಬರುವ ರೋಗ. 1978ರ ಹೊತ್ತಿಗೆ ಪ್ರಪಂಚದ ನಾಯಿಗಳನ್ನೆಲ್ಲ ಪೀಡಿಸತೊಡಗಿದ ನಾಯಿಯ ಪಾರ್ವೊ ರೋಗವು ಇದರ ಸಮೀಪದ ದಾಯಾದಿ. ಸೋಂಕು ತಗಲಿದ ಬಳಿಕ ಸಾಮಾನ್ಯವಾಗಿ ಒಂದು ವಾರದವರೆಗೆ, ಕೆಲವು ವೇಳೆ ಎರಡು ವಾರದವರೆಗೆ ಒಳಗೇ ಹೊಂಚಿ, ಆಮೇಲೆ ಜ್ವರ, ವಾಂತಿ, ಭೇದಿಗಳಾಗಿ ಕಾಣಿಸಿಕೊಳ್ಳುತ್ತದೆ. ರಕ್ತದ ಬಿಳಿಯ ಕಣಗಳು ಕುಸಿದುಹೋಗುತ್ತವೆ. ಮರಿಯು ನೀರಿನ ಬಟ್ಟಲಿನ ಮೇಲೆ ತಲೆಯೊಡ್ಡಿ, ಕುಡಿಯಲಾರದೆ, ಸುಮ್ಮನೆ ಕುಳಿತಿರುತ್ತದೆ. ಚಿಕಿತ್ಸೆಯಿಲ್ಲದ ಎಳೆಯ ಮರಿಗಳಲ್ಲಿ ನೂರಕ್ಕೆ ತೊಂಬತ್ತು ಸಾಯುವುದುಂಟು. ಕೆಲವಂತೂ ಯಾವ ಲಕ್ಷಣವನ್ನೂ ತೋರದೆ, ರಾತ್ರಿ ಆಡುತ್ತಿದ್ದವು ಬೆಳಗಾಗುವುದರೊಳಗೆ ಸತ್ತಿರುತ್ತವೆ. ಮನೆಯವರು ಯಾರೋ ವಿಷವಿಟ್ಟರೆಂದು ಸಂಶಯಪಡುವ ಎಷ್ಟೋ ಸಾವುಗಳ ಹಿಂದೆ ಈ ರೋಗವಿರುತ್ತದೆಯೆಂದು ನನ್ನ ನಂಬಿಕೆ. 2025ರ ಫೆಬ್ರವರಿಯಲ್ಲಿ ರಾಯಚೂರು ಜಿಲ್ಲೆಯಿಂದ ಬೆಕ್ಕುಗಳು ಈ ವ್ಯಾಧಿಗೆ ಬಲಿಯಾದ ವರ್ತಮಾನ ಪತ್ರಿಕೆಗಳಲ್ಲಿ ಬಂದಿತ್ತು.

ಈ ವೈರಾಣುವಿನ ಹಠ ಅಸಾಧಾರಣವಾದದ್ದು. ನೆಲದಲ್ಲಿ, ಗೋಣಿಯಲ್ಲಿ, ಮರದ ಸೀಳಿನಲ್ಲಿ ಅದು ವರ್ಷದವರೆಗೆ ಜೀವಂತವಾಗಿರಬಲ್ಲದು. ಪರಿಚಾರಕನ ಕೈಯಿಂದ, ಚಪ್ಪಲಿಯಿಂದ, ಸೆರಗಿನಿಂದ ಕೋಣೆಯಿಂದ ಕೋಣೆಗೆ ಸಾಗುತ್ತದೆ. ಸೋಪು ಅದನ್ನು ತೊಳೆದು ಸಾಗಿಸೀತೇ ಹೊರತು ಕೊಲ್ಲಲಾರದು. ಕೈಗೆ ಹಚ್ಚಿಕೊಳ್ಳುವ ಸ್ಪಿರಿಟ್ಟಿಗೂ ಅದು ಜಗ್ಗುವುದಿಲ್ಲ. ಇಲ್ಲಿ ನಮ್ಮ ಜನರು ತಿಳಿಯಲೇಬೇಕಾದ ಒಂದು ವಿಷಯವಿದೆ. ಶುಚಿಯೆಂದೊಡನೆ ನಮಗೆ ನೆನಪಾಗುವುದು ಫಿನಾಯಿಲ್. ಆದರೆ ಫೀನಾಲಿನ ಜಾತಿಯ ದ್ರವ್ಯಗಳನ್ನು ಜೀರ್ಣಿಸಿ ಹೊರಹಾಕುವ ಶಕ್ತಿಯು ಬೆಕ್ಕಿನ ಯಕೃತ್ತಿಗೆ ಅತ್ಯಲ್ಪವಾದ್ದರಿಂದ, ಒರೆಸಿದ ನೆಲವನ್ನು ತುಳಿದು ತನ್ನ ಪಾದವನ್ನು ನೆಕ್ಕಿಕೊಳ್ಳುವ ಬೆಕ್ಕಿಗೆ ಅದೇ ವಿಷವಾಗುತ್ತದೆ. ಡೆಟ್ಟಾಲಿಗೂ ಇದೇ ಮಾತು ಸಲ್ಲುತ್ತದೆ. ಜ್ವರವೆಂದು ಮನುಷ್ಯರ ಪ್ಯಾರಸಿಟಮಾಲ್ ಮಾತ್ರೆಯನ್ನು ಕೊಡುವುದಂತೂ ಕೊಲ್ಲುವುದಕ್ಕೆ ಸಮಾನ. ಒಂದು ಮಾತ್ರೆಯೇ ಸಾಕು. ಆಶ್ರಯಶಾಲೆಗೆ ತಕ್ಕದ್ದು ಬಟ್ಟೆಗೆ ಬಳಸುವ ಬ್ಲೀಚ್ ದ್ರಾವಣ, ಅಂದರೆ ಸೋಡಿಯಂ ಹೈಪೋಕ್ಲೋರೈಟ್: ನೂರಕ್ಕೆ ಐದರಷ್ಟು ಸಾಂದ್ರವಾದ ಅದರ ಒಂದು ಪಾಲಿಗೆ 32 ಪಾಲು ನೀರು ಬೆರೆಸಿ, ಮಲ ಕಸಗಳನ್ನೆಲ್ಲ ಮೊದಲು ತೊಳೆದು ತೆಗೆದ ನೆಲದ ಮೇಲೆ ಹತ್ತು ನಿಮಿಷ ಒದ್ದೆಯಾಗಿರುವಂತೆ ಬಿಟ್ಟು, ಬಳಿಕ ನೀರಿನಿಂದ ತೊಳೆದು, ಒಣಗಿದ ಮೇಲೆ ಬೆಕ್ಕನ್ನು ಒಳಕ್ಕೆ ಬಿಡಬೇಕು. ಕೊಳೆಯ ಮೇಲೆಯೇ ಸುರಿದ ದ್ರಾವಣ ನಿಷ್ಫಲ. ಬೆಳಕಿಗಿಟ್ಟು ಹಳಸಿದ ದ್ರಾವಣವೂ ನಿಷ್ಫಲ. ಮರದ ಹಲಗೆ, ಗೋಣಿ, ಮಣ್ಣುನೆಲಗಳನ್ನು ಶುದ್ಧಿಮಾಡುವುದು ಅಸಾಧ್ಯಪ್ರಾಯವಾದ್ದರಿಂದ ಸಿಮೆಂಟು, ಕಡಪಕಲ್ಲು, ಉಕ್ಕುಗಳೇ ಯೋಗ್ಯ.

ಎರಡನೆಯ ಗುಂಪು ಶ್ವಾಸದ ರೋಗಗಳು. ಹರ್ಪಿಸ್ ಮತ್ತು ಕ್ಯಾಲಿಸಿ ಎಂಬ ಎರಡು ವೈರಾಣುಗಳೂ, ಅವುಗಳ ಜೊತೆಗೂಡುವ ಕೆಲವು ಬ್ಯಾಕ್ಟೀರಿಯಗಳೂ ಸೇರಿ ಸೀನು, ಕಣ್ಣಿನ ಪಿಸುರು, ನಾಲಗೆಯ ಹುಣ್ಣುಗಳನ್ನು ತರುತ್ತವೆ. ಮೂಗು ಕಟ್ಟಿ ವಾಸನೆ ತಿಳಿಯದ ಬೆಕ್ಕು ಉಣ್ಣುವುದನ್ನೇ ಬಿಡುವುದರಿಂದ, ತುಸು ಬಿಸಿಮಾಡಿದ ಮೀನಿನ ಘಾಟು ಅದಕ್ಕೆ ಎಷ್ಟೋ ಔಷಧಗಳಿಗಿಂತ ಹಿತ. ಹರ್ಪಿಸ್ ಒಮ್ಮೆ ಹೊಕ್ಕರೆ ಜೀವಮಾನವಿಡೀ ನರಗಳಲ್ಲಿ ಅಡಗಿದ್ದು, ಪ್ರಾಣಿಯು ಹೆದರಿದಾಗ, ಸ್ಥಳ ಬದಲಾದಾಗ, ಇಕ್ಕಟ್ಟಿಗೆ ಸಿಕ್ಕಿದಾಗ ಕೆಲವೇ ದಿನಗಳಲ್ಲಿ ಮತ್ತೆ ಹೆಡೆಯೆತ್ತುತ್ತದೆ. ಹಾಗಾದರೆ ಇಲ್ಲಿ ಶತ್ರುವು ಹೊರಗಿನಿಂದ ಬರಬೇಕೆಂದೇ ಇಲ್ಲ. ನಾವು ಕೊಡುವ ವಾಸವೇ ಅದನ್ನು ಎಬ್ಬಿಸುತ್ತದೆ. ಅನೇಕ ಆಶ್ರಯಶಾಲೆಗಳನ್ನು ಪರಿಶೀಲಿಸಿದ ವಿದ್ವಾಂಸರು ಕಂಡುಕೊಂಡ ಸಂಗತಿಯೆಂದರೆ, ಒಂದು ಬೆಕ್ಕಿಗೆ 8 ಚದರಡಿಗಿಂತ ಹೆಚ್ಚು ನೆಲ ಸಿಕ್ಕಿದಲ್ಲಿ, ಮತ್ತು ಬಂದ ಮೊದಲ ವಾರದಲ್ಲಿ ಅದನ್ನು ಗೂಡಿನಿಂದ ಗೂಡಿಗೆ ಎತ್ತಿ ಬದಲಾಯಿಸದೆ ಬಿಟ್ಟಲ್ಲಿ, ಸೀನುರೋಗ ಕಡಮೆ. ಅದಕ್ಕಾಗಿಯೇ ಪಕ್ಕಪಕ್ಕದ ಎರಡು ಗೂಡುಗಳ ನಡುಗೋಡೆಯಲ್ಲಿ ಕಿಂಡಿ ಕೊರೆದು, ಒಂದನ್ನು ಊಟ ನಿದ್ರೆಗಳಿಗೂ ಇನ್ನೊಂದನ್ನು ಮಲವಿಸರ್ಜನೆಗೂ ಬಿಡುವ ಪದ್ಧತಿ ಬಂದಿದೆ. ಒಳಗೊಂದು ರಟ್ಟಿನ ಪೆಟ್ಟಿಗೆಯನ್ನು ಮಗುಚಿಟ್ಟು ಬಾಗಿಲು ಕತ್ತರಿಸಿಕೊಟ್ಟರೆ, ಅಡಗುವ ತಾವು ದೊರೆತ ಬೆಕ್ಕು ಬೇಗನೆ ಸಮಾಧಾನ ಹೊಂದುತ್ತದೆ. ಬೆಲೆಯಿಲ್ಲದ ಈ ರಟ್ಟಿನ ಪೆಟ್ಟಿಗೆಯ ಮಹಿಮೆಯನ್ನು ನಾನು ಎಷ್ಟು ಹೊಗಳಿದರೂ ಕಡಮೆಯೇ.

ಹುಳುಕಡ್ಡಿ ಅಥವಾ ಗಜಕರ್ಣವೆಂದು ನಾವು ಕರೆಯುವ ಚರ್ಮವ್ಯಾಧಿ ಪ್ರಾಣಾಪಾಯದ್ದಲ್ಲ. ಆದರೆ ಮನುಷ್ಯರಿಗೂ ಅಂಟುವುದರಿಂದ ಆಶ್ರಯಶಾಲೆಯ ಬಾಗಿಲನ್ನೇ ಮುಚ್ಚಿಸಬಲ್ಲದು. ವುಡ್ಸ್ ದೀಪವೆಂಬ ಪರೀಕ್ಷೆಯ ದೀಪದ ಬೆಳಕಿನಲ್ಲಿ ಸೋಂಕಿದ ರೋಮ ಹಸುರಾಗಿ ಹೊಳೆಯುವುದು ಅದರ ಒಂದು ಗುರುತು; ಗಂಧಕ ಸುಣ್ಣಗಳ ದ್ರಾವಣದ ಸ್ನಾನವನ್ನು ವಾರಕ್ಕೆ ಎರಡಾವರ್ತಿ ಮಾಡಿಸಿ, ಜೊತೆಗೆ ಶಿಲೀಂಧ್ರನಾಶಕವನ್ನು ಕೊಟ್ಟರೆ ಗುಣವಾಗುತ್ತದೆ. ಮನುಷ್ಯರಿಗೂ ಹರಡುವ ಮತ್ತೊಂದು ವ್ಯಾಧಿಯಾದ ರೇಬೀಸಿನ ಲಸಿಕೆ ಬೆಕ್ಕಿಗೂ ಬೇಕು, ಅವುಗಳನ್ನು ಹಿಡಿಯುವ ಮನುಷ್ಯರಿಗೂ ಬೇಕು.

ಇನ್ನು ಕಾರ್ಯಕ್ರಮ. ಬಂದ ಬೆಕ್ಕಿಗೆ ಹೊಸ್ತಿಲಿನಲ್ಲಿಯೇ, ಒಳಗಿನ ಗಾಳಿ ಸೋಂಕುವ ಮುನ್ನವೇ, ಲಸಿಕೆ ಹಾಕುವುದು ಮೊದಲ ನಿಯಮ. ನಾಳೆ ವೈದ್ಯರು ಬಂದಾಗ ನೋಡೋಣವೆಂದು ತಳ್ಳಿದ ಒಂದು ದಿನವೇ ಮರಿಯ ಆಯುಸ್ಸನ್ನು ನಿರ್ಧರಿಸಬಹುದು. ಎಳೆಯ ಮರಿಗೆ ತಾಯಿಯ ಗಿಣ್ಣುಹಾಲಿನಿಂದ ಬಂದ ರಕ್ಷಣೆಯು ಲಸಿಕೆಯ ಕೆಲಸವನ್ನು ತಡೆಯುವುದರಿಂದಲೂ, ಆ ರಕ್ಷಣೆ ಯಾವ ವಾರದಲ್ಲಿ ಇಳಿದುಹೋಗುವುದೆಂದು ಹೊರಗಿನಿಂದ ಹೇಳಲಾಗದಿರುವುದರಿಂದಲೂ, ಆಶ್ರಯಶಾಲೆಯಲ್ಲಿ ನಾಲ್ಕಾರು ವಾರದ ಪ್ರಾಯದಿಂದ ಇಪ್ಪತ್ತು ವಾರದವರೆಗೆ ಎರಡು ಮೂರು ವಾರಗಳಿಗೊಮ್ಮೆ ಲಸಿಕೆಯನ್ನು ಪುನಃ ಪುನಃ ಕೊಡುತ್ತಾರೆ. ಆರೋಗ್ಯವಾಗಿ ತೋರುವ ಹೊಸಬರಿಗೆ ಒಂದು ಕೋಣೆ, ರೋಗ ಕಾಣಿಸಿಕೊಂಡವರಿಗೆ ಇನ್ನೊಂದು ಕೋಣೆ; ಈ ಎರಡನ್ನೂ ಒಂದಾಗಿಸಿದರೆ ಕ್ವಾರಂಟೈನ್ ಎಂಬುದೇ ರೋಗವನ್ನು ಹಂಚುವ ಸ್ಥಾನವಾಗುತ್ತದೆ. ಪರಿಚಾರಕನು ಬೆಳಗಿನ ಕೆಲಸವನ್ನು ಆರೋಗ್ಯವಂತ ಮರಿಗಳಿಂದ ತೊಡಗಿ, ದೊಡ್ಡ ಬೆಕ್ಕುಗಳ ಬಳಿಗೆ ಹೋಗಿ, ಹೊಸಬರನ್ನು ನೋಡಿ, ರೋಗಿಗಳ ಕೋಣೆಯಲ್ಲಿ ಮುಗಿಸತಕ್ಕದ್ದು, ಹಿಂದಿರುಗತಕ್ಕದ್ದಲ್ಲ. ಪೊರಕೆ, ಬಟ್ಟಲು, ಚಪ್ಪಲಿಗಳು ಕೋಣೆಗೊಂದರಂತೆ ಬೇರೆಬೇರೆ. ಮರಿಯೊಂದು ಭೇದಿಯಿಂದ ಬಿದ್ದಾಗ, ನಾಯಿಯ ಪಾರ್ವೊ ರೋಗಕ್ಕೆಂದು ಔಷಧದ ಅಂಗಡಿಯಲ್ಲಿ ದೊರೆಯುವ ಪರೀಕ್ಷೆಯ ಪಟ್ಟಿಯೇ ಅದರ ಮಲದಲ್ಲಿ ಬೆಕ್ಕಿನ ವೈರಾಣುವನ್ನೂ ಗುರುತಿಸುವುದೆಂಬುದು ಉಪಯುಕ್ತವಾದ ತಿಳಿವಳಿಕೆ.

ಇಷ್ಟನ್ನೂ ಶ್ರದ್ಧೆಯಿಂದ ನಡೆಸಿದರೂ, ಸಂಖ್ಯೆಯ ಹತೋಟಿ ತಪ್ಪಿದರೆ ಎಲ್ಲವೂ ವ್ಯರ್ಥ. ದಿನಕ್ಕೆ ಎರಡು ಬೆಕ್ಕು ಬರುವ ಶಾಲೆಯಲ್ಲಿ ಪ್ರತಿಯೊಂದೂ 15 ದಿನವಿದ್ದು ಹೊರಟರೆ ಒಳಗಿರುವುದು 30; ರೋಗದಿಂದಲೋ ಅಲಕ್ಷ್ಯದಿಂದಲೋ ವಾಸ 45 ದಿನಕ್ಕೆ ಹಿಗ್ಗಿದರೆ 90. ಬರುವವರ ಸಂಖ್ಯೆ ಒಂದೂ ಹೆಚ್ಚದೆ ಇಕ್ಕಟ್ಟು ಮೂರು ಮಡಿಯಾಯಿತು. ಇಕ್ಕಟ್ಟು ರೋಗವನ್ನೂ, ರೋಗವು ವಾಸವನ್ನೂ, ವಾಸವು ಮತ್ತೆ ಇಕ್ಕಟ್ಟನ್ನೂ ಬೆಳೆಸುತ್ತವೆ. ಬಾಗಿಲಿಗೆ ಬಂದ ಮರಿಯನ್ನು ಇಂದು ಬೇಡ, ಬರುವ ವಾರ ತನ್ನಿ, ಅಲ್ಲಿಯವರೆಗೆ ನಿಮ್ಮಲ್ಲಿಯೇ ಇರಲಿ, ಆಹಾರವನ್ನು ನಾವು ಕೊಡುತ್ತೇವೆ ಎಂದು ಹೇಳಬಲ್ಲ ಧೈರ್ಯವು ದಯೆಗೆ ವಿರುದ್ಧವಾದದ್ದಲ್ಲ. ಒಳಗಿರುವ ಮೂವತ್ತರ ಪ್ರಾಣವನ್ನು ನೆನೆದು ಆಡಿದ ಆ ಮಾತನ್ನು ನಿರ್ದಯೆಯೆಂದು ದೂಷಿಸುವವರು ಒಮ್ಮೆ ರೋಗಿಗಳ ಕೋಣೆಯನ್ನು ನೋಡಿಬರಬೇಕು.

ಮೊದಲಿಗೆ ಹೇಳಿದ ನಾಲ್ಕು ತಾಲ್ಲೂಕುಗಳ ಜನರಿಗೆ ಇಂಥ ಶಿಸ್ತು ಅಪರಿಚಿತವಲ್ಲ. ಬೇಬಿಬೆಟ್ಟದ, ಹೇಮಗಿರಿಯ ದನಗಳ ಜಾತ್ರೆಗಳಿಗೆ ಹೋಗಿಬರುವ ರೈತರು, 2022ರಲ್ಲಿ ಚರ್ಮಗಂಟು ರೋಗ ಹರಡಿದಾಗ ರಾಜ್ಯದ ಅನೇಕ ಕಡೆ ಜಾನುವಾರು ಜಾತ್ರೆಗಳೇ ನಿಂತುಹೋದದ್ದನ್ನು ಕಂಡವರು. ಅದಕ್ಕೂ ಹಿಂದೆ, ಕೊಟ್ಟಿಗೆಗಳನ್ನೇ ಬರಿದುಮಾಡುತ್ತಿದ್ದ ‘ದೊಡ್ಡರೋಗ’ವೆಂಬ ದನಗಳ ಪಿಡುಗನ್ನು ಲಸಿಕೆಯಿಂದಲೂ ಪ್ರತ್ಯೇಕಿಸುವ ಕ್ರಮದಿಂದಲೂ ಅಟ್ಟಿ, 2011ರಲ್ಲಿ ಅದು ಭೂಮಂಡಲದಿಂದಲೇ ತೊಲಗಿತೆಂದು ಘೋಷಿಸುವಂತಾದ ಮಹಾಕಾರ್ಯದಲ್ಲಿ ನಮ್ಮ ಹಳ್ಳಿಗಳ ಪಾಲೂ ಉಂಟು. ಹಸುವಿಗಾಗಿ ಕಲಿತದ್ದನ್ನು ಬೆಕ್ಕಿಗೆ ಅನ್ವಯಿಸುವುದಷ್ಟೇ ಉಳಿದ ಕೆಲಸ.

ಅದಕ್ಕೆ ದೊಡ್ಡ ಕಟ್ಟಡಗಳು ಬೇಕಾಗಿಲ್ಲವೆಂದೇ ನನ್ನ ಅಭಿಪ್ರಾಯ. ಎಳೆಯ ಮರಿಗಳಿಗೆ ಶಾಲೆಗಿಂತ ಗೃಹಸ್ಥರ ಮನೆಯೇ ಕ್ಷೇಮ. ಒಂದು ಸೂಲಿನ ಮರಿಗಳನ್ನು ಒಂದು ಮನೆ, ಬೇರೆ ಬೆಕ್ಕಿನ ಸಂಪರ್ಕವಿಲ್ಲದ ಒಂದು ಬಚ್ಚಲುಕೋಣೆಯಲ್ಲಿಯಾದರೂ, ಲಸಿಕೆ ಮುಗಿಯುವವರೆಗೆ ಸಾಕಿಕೊಟ್ಟರೆ ಶಾಲೆಯ ಅರ್ಧ ಭಾರ ಇಳಿಯುತ್ತದೆ. ಹಾಗೆ ಸಾಕಲು ಒಪ್ಪಿದ ಮನೆಯವರು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಕಳೆದ ಒಂದು ವರ್ಷದೊಳಗೆ ಇಲ್ಲಿ ವಾಂತಿಭೇದಿಯಿಂದ ಬೆಕ್ಕಿನ ಮರಿಯೊಂದು ಸತ್ತಿತ್ತೆ? ಸತ್ತಿದ್ದರೆ ಆ ಮನೆಗೆ ಲಸಿಕೆ ಪೂರ್ಣವಾದ ದೊಡ್ಡ ಬೆಕ್ಕನ್ನಷ್ಟೇ ಕಳುಹಿಸಿ, ಮರಿಗಳನ್ನು ಪಕ್ಕದ ಬೀದಿಯ ಮತ್ತೊಂದು ಮನೆಗೆ ಕೊಡತಕ್ಕದ್ದು.